ಅಂಗಡಿಯ ಲೆಕ್ಕಕ್ಕೆ ಕಾಪು

ಗುಬ್ಬಿಯ ಅಡಿಕೆ ವರ್ತಕರೇ, ಟ್ಯಾಲಿಯ ಸಮಸ್ತ ಲೆಕ್ಕದ ನಕಲನ್ನು ಅಂಗಡಿಯ ಕಂಪ್ಯೂಟರಿಗೇ ಸದಾ ಸಿಕ್ಕಿಸಿಟ್ಟ ಪೆನ್‌ಡ್ರೈವಿನಲ್ಲಿ ಇರಿಸಿರುವುದಾಗಿ ಬರೆದಿದ್ದೀರಿ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಂಗೆಡಿಸಿದ ವನ್ನಾಕ್ರೈಯಂತಹ ದುಷ್ಟ ತಂತ್ರಾಂಶವು ಮೂಲಕ್ಕೆ ಬೀಗ ಜಡಿಯುವಾಗ ಜೊತೆಗಿರುವ ಡ್ರೈವನ್ನೂ ಬಿಡದಾದುದರಿಂದ, ಅದು ರಕ್ಷಣೆಯೆನಿಸದು. ಎರಡು ಡ್ರೈವುಗಳನ್ನು ಕೊಂಡು, ಪ್ರತಿ ಸಂಜೆ ಬಾಗಿಲು ಹಾಕುವ ಮುನ್ನ ಸರದಿಯಂತೆ ಒಂದರಲ್ಲಿ ಬ್ಯಾಕಪ್ ತೆಗೆದು, ಕಳಚಿ ಮನೆಗೊಯ್ಯಿರಿ. ಇನ್ನೊಂದು ಪ್ರತಿಯು ಕುಣಿಗಲ್ಲಿನ ನಿಮ್ಮ ಸಹೋದರರಲ್ಲಿಯೋ ಕ್ಲೌಡಿನಲ್ಲಿಯೋ ಇರಲಿ. ತಿಂಗಳಿಗೊಮ್ಮೆ ಬ್ಯಾಕಪ್ ಪ್ರತಿಯನ್ನು ತುಮಕೂರಿನ ನಿಮ್ಮ ಲೆಕ್ಕಪರಿಶೋಧಕರ ಕಂಪ್ಯೂಟರಿನಲ್ಲಿ ತೆರೆದು, ಕಡೆಯ ಬಿಲ್ಲು ಕಾಣುವುದೇ ಎಂದು ಪರೀಕ್ಷಿಸಿರಿ (ಬಹುಜನರು ಮರೆಯುವುದು ಇದನ್ನೇ). ಇಷ್ಟು ಎಚ್ಚರ ಏಕೆಂದರೆ, ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು.