‘ಅರ್ಥವಾಯಿತೆ?’ ಎಂಬ ಪ್ರಶ್ನೆಯ ತೂಕ

ಪಾಠ ಮುಗಿಸಿದ ಉಪಾಧ್ಯಾಯನು ‘ಅರ್ಥವಾಯಿತೆ?’ ಎಂದು ಕೇಳಿದೊಡನೆ ತರಗತಿಯ ತಲೆಗಳೆಲ್ಲ ಒಟ್ಟಿಗೆ ಆಡುತ್ತವೆ. ತಿಳಿದವನೂ ತಲೆಯಾಡಿಸುತ್ತಾನೆ, ತಿಳಿಯದವನೂ ಆಡಿಸುತ್ತಾನೆ. ನಿಜಸ್ಥಿತಿ ಹೊರಬೀಳುವುದು ಉತ್ತರಪತ್ರಿಕೆ ಕೈಗೆ ಬಂದಾಗ. ವೈದ್ಯರ ಕೊಠಡಿಯಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿ ತಪ್ಪುತ್ತರದ ಫಲವನ್ನು ರೋಗಿಯ ದೇಹವು ಅನುಭವಿಸಬೇಕಾಗುತ್ತದೆ.

ಈ ತಲೆಯಾಡಿಸುವಿಕೆಯ ಬೆಲೆಯೆಷ್ಟೆಂದು ಗಣಿತದಿಂದಲೇ ಅಳೆಯಬಹುದು. ಅಮೆರಿಕದ ಕ್ಲಾಡ್ ಷ್ಯಾನನ್ 1948ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಸಂದೇಶವೊಂದರ ಸಂಭಾವ್ಯತೆ ಹೆಚ್ಚಿದಷ್ಟೂ ಅದು ಹೊತ್ತು ತರುವ ಮಾಹಿತಿ ಕಡಿಮೆ. ಸಂಭಾವ್ಯತೆಯಿಂದ 1ನ್ನು ಭಾಗಿಸಿ, ಬಂದುದರ ಲಾಗರಿದಮ್ ತೆಗೆದರೆ ಮಾಹಿತಿಯ ಪ್ರಮಾಣ ದೊರೆಯುತ್ತದೆ. ಬಂದೇ ಬರುವ ಸಂದೇಶದ ಸಂಭಾವ್ಯತೆ 1. 1ರ ಲಾಗರಿದಮ್ ಸೊನ್ನೆ. ಎಲ್ಲ ರೋಗಿಗಳೂ ತಪ್ಪದೆ ‘ಹೂಂ’ ಎನ್ನುವುದಾದರೆ ಆ ‘ಹೂಂ’ನಿಂದ ವೈದ್ಯರಿಗೆ ತಿಳಿದುದೂ ಸೊನ್ನೆಯೇ!

ರೋಗಿಯು ಸುಳ್ಳಾಡುತ್ತಾನೆಂದು ಇದರ ಅರ್ಥವಲ್ಲ. ಸಂಕೋಚವುಂಟು, ಬಾಗಿಲಾಚೆ ಕಾದಿರುವ ಜನರುಂಟು. ಎಷ್ಟೋ ವೇಳೆ ತನಗೆ ಅರ್ಥವಾಗಿದೆಯೆಂದೇ ಅವನು ನಂಬಿರುತ್ತಾನೆ. ಅಮೆರಿಕದ ಮೂರು ರಾಜ್ಯಗಳ 395 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಗಮನಾರ್ಹ. ‘ಎರಡು ಮಾತ್ರೆಗಳನ್ನು ದಿನಕ್ಕೆರಡು ಬಾರಿ ಸೇವಿಸಿ’ ಎಂಬ ಚೀಟಿಯನ್ನು ಓದಿಸಿದಾಗ, ಓದುಬರಹದಲ್ಲಿ ಹಿಂದುಳಿದವರ ಪೈಕಿ ಸಹ ನೂರಕ್ಕೆ 71 ಮಂದಿ ಸೂಚನೆಯನ್ನು ಸರಿಯಾಗಿಯೇ ಹೇಳಿದರು. ಬಳಿಕ, ದಿನವೊಂದಕ್ಕೆ ಬೇಕಾಗುವ ಮಾತ್ರೆಗಳನ್ನು ಎಣಿಸಿ ತೋರಿಸಿರೆಂದು ಕೇಳಲಾಯಿತು. ನಾಲ್ಕನ್ನು ಎಣಿಸಿದವರು ನೂರಕ್ಕೆ 35 ಮಂದಿ ಮಾತ್ರ. ಹೇಳಿದುದನ್ನು ಗಿಳಿಯಂತೆ ಒಪ್ಪಿಸುವುದು ಬೇರೆ, ಅದರಂತೆ ನಡೆಯಬಲ್ಲುದು ಬೇರೆ.

ಆದುದರಿಂದ ಉತ್ತರವು ರೋಗಿಯ ಸ್ವಂತ ಮಾತಿನಲ್ಲಿ, ಸಾಧ್ಯವಾದಲ್ಲಿ ಅವನ ಕೈಯ ಕೆಲಸದಲ್ಲಿ ಬರಬೇಕು. ಈ ವಿಧಾನಕ್ಕೆ ‘ಟೀಚ್-ಬ್ಯಾಕ್’ ಎಂದು ಹೆಸರು. ಬ್ರಿಟನ್ನಿನ ಸೈಬರ್ನೆಟಿಕ್ಸ್ ವಿದ್ವಾಂಸ ಗಾರ್ಡನ್ ಪಾಸ್ಕ್ 1970ರ ದಶಕದಲ್ಲಿ ಕಲಿಕೆಯ ಬಗ್ಗೆ ಬರೆಯುವಾಗಲೇ ಈ ಪದವನ್ನು ಬಳಸಿದ್ದರು. ಕೇಳುವ ರೀತಿಯಲ್ಲಿ ಒಂದು ನಯವಿದೆ. ‘ನಾನು ತಿಳಿಯುವಂತೆ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋದ ಮೇಲೆ ಈ ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳುವಿರಿ, ಹೇಳಿ’ ಎಂದರೆ ಪರೀಕ್ಷೆ ರೋಗಿಯದಾಗಿ ಉಳಿಯದೆ ವೈದ್ಯರ ವಿವರಣೆಯದಾಗುತ್ತದೆ. ಉತ್ತರ ತಪ್ಪಾದರೆ ಅದೇ ಮಾತನ್ನು ದನಿಯೇರಿಸಿ ಹೇಳಿ ಫಲವಿಲ್ಲ. ಬೇರೆ ಮಾತಿನಲ್ಲಿ ವಿವರಿಸಿ ಮತ್ತೊಮ್ಮೆ ಕೇಳಬೇಕು.

ಇಷ್ಟು ಸರಳವಾದ ಕ್ರಮವೂ ವಿರಳವೇ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 74 ಮಧುಮೇಹ ರೋಗಿಗಳು ವೈದ್ಯರೊಡನೆ ಆಡಿದ ಮಾತುಗಳನ್ನು ಧ್ವನಿಮುದ್ರಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ವೈದ್ಯರು ತಿಳಿಸಿದ 124 ಹೊಸ ವಿಷಯಗಳಲ್ಲಿ, ರೋಗಿಗೆ ತಿಳಿಯಿತೋ ಇಲ್ಲವೋ ಎಂದು ಪರೀಕ್ಷಿಸಿದುದು 15ನ್ನು ಮಾತ್ರ. ಹಾಗೆ ಪರೀಕ್ಷಿಸಿದ ವೈದ್ಯರ ರೋಗಿಗಳಲ್ಲಿ ರಕ್ತದ ಸಕ್ಕರೆಯು ಹೆಚ್ಚು ಹತೋಟಿಯಲ್ಲಿತ್ತು. ಭೇಟಿಯ ಅವಧಿಯೇನೂ ದೀರ್ಘವಾಗಿರಲಿಲ್ಲ. ಇದರಿಂದ ಕಾರ್ಯಕಾರಣ ಸಂಬಂಧವೇ ಸಿದ್ಧವಾಯಿತೆಂದು ವಿದ್ಯಾರ್ಥಿಗಳು ಭಾವಿಸಬಾರದು: ಕೇಳುವ ಅಭ್ಯಾಸವಿರುವ ವೈದ್ಯರು ಇತರ ವಿಷಯಗಳಲ್ಲಿಯೂ ಹೆಚ್ಚು ಎಚ್ಚರಿಕೆಯುಳ್ಳವರಾಗಿರಬಹುದು.

ವೈದ್ಯರು ಕೇಳದಿದ್ದಲ್ಲಿ ರೋಗಿಯ ಕಡೆಯವರೇ ಮೊದಲು ಮಾಡಬಹುದು. ಅಜ್ಜಿಯ ಜೊತೆಗೆ ಆಸ್ಪತ್ರೆಗೆ ಹೋದ ವಿದ್ಯಾರ್ಥಿಯು ಚೀಟಿಯನ್ನು ಜೇಬಿಗಿಳಿಸುವ ಮುನ್ನ, ‘ಹಾಗಾದರೆ ಡಾಕ್ಟರೇ, ಬೆಳಗ್ಗೆ ಎರಡು, ರಾತ್ರಿ ಎರಡು, ದಿನಕ್ಕೆ ಒಟ್ಟು ನಾಲ್ಕು ಮಾತ್ರೆ, ಅಲ್ಲವೆ?’ ಎಂದು ಕೇಳಲು ಅರ್ಧ ನಿಮಿಷವೂ ಬೇಡ.