ಪಿಂಗಾಣಿಯ ಮೇಲೆ ತಾವರೆ

ಉಪ್ಪಿನಕಾಯಿ ಹಾಕುವ ಪಿಂಗಾಣಿ ಜಾಡಿ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಯಾರಿಗೆ ಗೊತ್ತಿಲ್ಲ? ಅದು ದಪ್ಪ ಜಾತಿ. ನಯವಾದ ಬಿಳಿ ಪಿಂಗಾಣಿ ಮೊದಲು ಮಾಡಿದವರು ಚೀನಾದವರು. ಅಲ್ಲಿ ಜಿಂಗ್‌ಡೆಜೆನ್ ಎಂಬ ಊರು. ಹೆಸರು ಕಷ್ಟ, ನಿಧಾನವಾಗಿ ಓದೋಣ. ಅರಮನೆಯ ಹೂದಾನಿಗಳು ಅಲ್ಲಿ ತಯಾರಾಗುತ್ತಿದ್ದವು.

ಮಣ್ಣು ಅವರದೇ. ನೀಲಿ ಬಣ್ಣ ಮಾತ್ರ, ಸುಮಾರು 700 ವರ್ಷದ ಹಿಂದೆ, ಇರಾನಿನಿಂದ ಬರುತ್ತಿತ್ತು. ಕೆಲವು ಹೂದಾನಿಯ ಆಕಾರ ಹಳೆಯ ಕಂಚಿನ ಪಾತ್ರೆಯದು. ಮೇಲಿನ ತಾವರೆ? ಅದು ಬೌದ್ಧ ಧರ್ಮದ ಜೊತೆ ನಮ್ಮ ದೇಶದಿಂದ ಹೋದ ಚಿತ್ರ. ನಾವು ರಂಗೋಲೀಲಿ ಬರೀತೀವಲ್ಲ, ಅದರ ನೆಂಟ!

ಚೀನಾ ಪಾತ್ರೆಗಳು ಹಡಗು ಹತ್ತಿ ನಮ್ಮ ನಾಡಿಗೂ ಬಂದವು. ಹಂಪಿಯಲ್ಲಿ ಅಗೆದಾಗ ವಿಜಯನಗರ ಕಾಲದ ಚೂರುಗಳು ಸಿಕ್ಕಿವೆ. ಹೊಲ ಉಳುವಾಗ ಬಣ್ಣದ ಚೂರು ಸಿಕ್ಕರೆ ಎಸೀಬೇಡಿ. ಕಲಿಕಾ ಕೇಂದ್ರಕ್ಕೆ ತನ್ನಿ, ಕೂತು ನೋಡೋಣ.