ವಾಹನದ ಮುಂದೀಪ: ಶಾಖದಿಂದ ಕೆಟ್ಟ ಬಲ್ಬ್ ಹೋಲ್ಡರಿನ ದುರಸ್ತಿ

ವಿಜಯಪುರದಿಂದ ಉತ್ತರಕ್ಕೆ ಸಾಗುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಸೊಲ್ಲಾಪುರ, ತುಳಜಾಪುರ, ಧಾರಾಶಿವ ಮತ್ತು ಬೀಡ್ ಮಾರ್ಗವಾಗಿ ಛತ್ರಪತಿ ಸಂಭಾಜಿನಗರವನ್ನು ಸೇರುತ್ತದೆ. 2023ರವರೆಗೆ ಈ ನಗರಕ್ಕೆ ಔರಂಗಾಬಾದ್ ಎಂಬ ಹೆಸರಿತ್ತು. ಎಲ್ಲೋರದ ಗುಹಾದೇವಾಲಯಗಳನ್ನೂ ಘೃಷ್ಣೇಶ್ವರನನ್ನೂ ಕಂಡು, ವೈಜಾಪುರ, ಯೇವಲಾ, ನಿಫಾಡಗಳ ಮೂಲಕ ನಾಸಿಕಕ್ಕೂ ತ್ರ್ಯಂಬಕೇಶ್ವರಕ್ಕೂ ಹೋಗುವ ಕನ್ನಡ ಯಾತ್ರಿಕರು ಅನೇಕರು. ಸಂಭಾಜಿನಗರಕ್ಕೂ ನಾಸಿಕಕ್ಕೂ ನಡುವಿನ ಅಂತರ ಇನ್ನೂರು ಕಿಲೋಮೀಟರಿಗಿಂತ ಕಡಿಮೆಯಾದುದರಿಂದ, ಹಗಲಿನಲ್ಲಿ ದರ್ಶನ ಮುಗಿಸಿ ಸಂಜೆ ಹೊರಟು ರಾತ್ರಿಯೇ ತಲಪಬಹುದೆಂದು ಎಣಿಸುವುದು ಸಹಜ. ಆದರೆ ಇದು ಈರುಳ್ಳಿ ಮತ್ತು ಕಬ್ಬಿನ ಸೀಮೆ. ಲಾಸಲಗಾಂವ್ ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರುಗಳೂ ಕಬ್ಬಿನ ಗಾಡಿಗಳೂ ಕತ್ತಲಲ್ಲಿ ನಿಧಾನವಾಗಿ ಚಲಿಸುತ್ತಿರುತ್ತವೆ. ಇಂತಹ ದಾರಿಯಲ್ಲಿ ಚಾಲಕನಿಗಿರುವ ಮುಖ್ಯ ಆಸರೆ ವಾಹನದ ಮುಂದೀಪವೇ.

ಈ ದೀಪವು ಹಠಾತ್ತನೆ ಆರಿಹೋಗಲು ಬಲ್ಬು ಸುಟ್ಟುಹೋಗುವುದು ಮಾತ್ರ ಕಾರಣವಲ್ಲ. ಬಲ್ಬಿನ ಹಿಂಭಾಗಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಹೋಲ್ಡರು ಶಾಖದಿಂದ ಕಂದಿ, ಕರಗಿ, ಸಂಪರ್ಕ ಕಡಿದುಹೋಗುವುದೂ ಸಾಮಾನ್ಯ ದೋಷವೇ. ಬಲಭಾಗದ ದೀಪ ಆರಿದರೆ ಅಪಾಯ ಹೆಚ್ಚು. ನಮ್ಮ ದೇಶದಲ್ಲಿ ವಾಹನದ ಬಲಮಗ್ಗುಲೇ ರಸ್ತೆಯ ಮಧ್ಯಕ್ಕೆ ಸಮೀಪವಾಗಿರುತ್ತದೆ. ಎದುರಿನಿಂದ ಬರುವವನು ಉಳಿದ ಒಂಟಿ ದೀಪವನ್ನು ಕಂಡು ದ್ವಿಚಕ್ರ ವಾಹನವೆಂದು ಭ್ರಮಿಸಿ, ಕಾರಿನ ಕತ್ತಲ ಭಾಗದ ಕಡೆಗೇ ನುಗ್ಗಬಹುದು.

ದೋಷದ ಮೂಲ

ಹ್ಯಾಲೊಜೆನ್ ದೀಪಗಳುಳ್ಳ ಅನೇಕ ಕಾರುಗಳಲ್ಲಿ ಎಚ್-4 ಎಂಬ ಬಲ್ಬನ್ನು ಬಳಸಲಾಗುತ್ತದೆ. ಇದರಲ್ಲಿ ದೂರದ ಬೆಳಕಿಗೆ 60 ವಾಟ್, ಹತ್ತಿರದ ಬೆಳಕಿಗೆ 55 ವಾಟ್ ಶಕ್ತಿಯ ಎರಡು ತಂತುಗಳಿರುತ್ತವೆ. ಹಿಂಭಾಗದಲ್ಲಿರುವ ಮೂರು ಚಪ್ಪಟೆ ಕಡ್ಡಿಗಳು ಹೋಲ್ಡರಿನೊಳಗಿನ ಮೂರು ಲೋಹದ ಹಿಡಿಗಳಲ್ಲಿ ಬಿಗಿಯಾಗಿ ಕೂರುತ್ತವೆ. 12 ವೋಲ್ಟಿನ ವ್ಯವಸ್ಥೆಯಲ್ಲಿ 55 ವಾಟಿನ ತಂತುವಿಗೆ ಸುಮಾರು 4.6 ಆಂಪಿಯರ್ ವಿದ್ಯುತ್ತು ಹರಿಯುತ್ತದೆ.

ಹಿಡಿ ಬಿಗಿಯಾಗಿದ್ದಾಗ ಇಷ್ಟು ವಿದ್ಯುತ್ತು ಹರಿದರೂ ಆ ಜಾಗ ಹೆಚ್ಚು ಬಿಸಿಯಾಗುವುದಿಲ್ಲ. ವಾಹನದ ಅದುರಾಟ, ಮಳೆಯ ತೇವ, ಧೂಳು ಹಾಗೂ ಪದೇ ಪದೇ ಬಲ್ಬು ಬದಲಿಸುವುದರಿಂದ ಹಿಡಿಯು ಸಡಿಲಗೊಂಡು ಕಿಲುಬು ಕಟ್ಟಿದಾಗ, ಅಲ್ಲಿ ವಿದ್ಯುತ್ತಿಗೆ ತಡೆ ಉಂಟಾಗುತ್ತದೆ. ಈ ತಡೆಯು ಒಂದು ಓಮಿನ ಹತ್ತನೆಯ ಒಂದು ಭಾಗದಷ್ಟಿದ್ದರೂ, ಉಗುರಿನಗಲದ ಜಾಗದಲ್ಲಿ ಎರಡು ವಾಟಿನಷ್ಟು ಶಾಖ ಹುಟ್ಟುತ್ತದೆ. ಬಲ್ಬಿನ ಸ್ವಂತ ಶಾಖ ಮತ್ತು ಇಂಜಿನ್ನಿನ ಬಿಸಿ ಇದಕ್ಕೆ ಸೇರುತ್ತವೆ. ಬೇಸಿಗೆಯಲ್ಲಿ ಮರಾಠವಾಡದ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವುದೂ ಉಂಟು. ಶಾಖದಿಂದ ಲೋಹದ ಹಿಡಿಯು ತನ್ನ ಸ್ಪ್ರಿಂಗಿನ ಗುಣವನ್ನು ಕಳೆದುಕೊಂಡು ಮತ್ತಷ್ಟು ಸಡಿಲವಾಗುತ್ತದೆ. ಸಡಿಲವಾದಷ್ಟೂ ಶಾಖ ಹೆಚ್ಚುತ್ತದೆ. ಹೀಗೆ ದೋಷವು ತಾನಾಗಿಯೇ ಬೆಳೆಯುತ್ತಾ ಹೋಗುತ್ತದೆ.

ಹೆಚ್ಚಿನ ಬೆಳಕಿನ ಆಸೆಯಿಂದ 100 ವಾಟಿನ ಬಲ್ಬನ್ನು ಹಾಕಿಸಿದಾಗ ಹರಿಯುವ ವಿದ್ಯುತ್ತು 8.3 ಆಂಪಿಯರಿಗೆ ಏರುತ್ತದೆ. ಶಾಖವು ವಿದ್ಯುತ್ತಿನ ವರ್ಗಕ್ಕನುಗುಣವಾಗಿ ಹೆಚ್ಚುವುದರಿಂದ, ಅದೇ ಸಡಿಲ ಹಿಡಿಯಲ್ಲಿ ಹುಟ್ಟುವ ಶಾಖವು ಮೂರು ಪಟ್ಟಿಗಿಂತ ಅಧಿಕವಾಗುತ್ತದೆ.

ಫ್ಯೂಸ್ ಇರುವಾಗ ಭಯವೇಕೆ ಎಂದು ಕೆಲವರು ಕೇಳಬಹುದು. ಫ್ಯೂಸು ಕಡಿಯುವುದು ವಿದ್ಯುತ್ತಿನ ಹರಿವು ಮಿತಿಮೀರಿದಾಗ ಮಾತ್ರ. ಸಡಿಲ ಹಿಡಿಯು ಹರಿವನ್ನು ಹೆಚ್ಚಿಸುವುದಿಲ್ಲ, ತುಸು ಕಡಿಮೆಯೇ ಮಾಡುತ್ತದೆ. ಆದುದರಿಂದ ಹೋಲ್ಡರು ಕರಗುತ್ತಿದ್ದರೂ ಫ್ಯೂಸು ಸುಮ್ಮನಿರುತ್ತದೆ. ಈ ದೋಷವನ್ನು ಕಣ್ಣಿನಿಂದಲೇ ಪತ್ತೆ ಹಚ್ಚಬೇಕು.

ಮುನ್ಸೂಚನೆಗಳು

ಒಂದು ದೀಪವು ಇನ್ನೊಂದಕ್ಕಿಂತ ಮಂಕಾಗಿ ಅಥವಾ ಹಳದಿಯಾಗಿ ಕಾಣುವುದು, ಗುಂಡಿಗೆ ಬಿದ್ದಾಗ ಮಿನುಗುವುದು, ಬಾನೆಟ್ ಎತ್ತಿದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುವುದು, ಹೊಸ ಬಲ್ಬು ಕೆಲವೇ ದಿನಗಳಲ್ಲಿ ಕೈಕೊಡುವುದು ಇವು ಮುಖ್ಯ ಲಕ್ಷಣಗಳು. ಬಲ್ಬಿಗೆ ತಲಪುವ ವೋಲ್ಟೇಜು ಶೇಕಡಾ 10ರಷ್ಟು ಕುಸಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ದುರಸ್ತಿಯ ಕ್ರಮ

1. ದೀಪವನ್ನು ಆರಿಸಿ, ಕೀಲಿಯನ್ನು ತೆಗೆದು, ಬಲ್ಬು ತಣ್ಣಗಾಗಲು ಹದಿನೈದು ನಿಮಿಷ ಬಿಡಿ. ಬಳಿಕ ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಿಡಿ.

2. ಹೋಲ್ಡರನ್ನೇ ಹಿಡಿದು ಎಳೆಯಿರಿ, ತಂತಿಗಳನ್ನು ಹಿಡಿದು ಜಗ್ಗಬಾರದು. ರಬ್ಬರಿನ ಮುಚ್ಚಳವನ್ನು ತೆಗೆದು ಒಳಗೆ ನೋಡಿ. ಪ್ಲಾಸ್ಟಿಕ್ ಕಂದಿದ್ದರೆ, ಹಿಡಿ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಹೋಲ್ಡರನ್ನು ಬದಲಿಸಬೇಕು. ಅಂತಹ ಹಿಡಿಯನ್ನು ಇಕ್ಕಳದಿಂದ ಒತ್ತಿ ಬಿಗಿಗೊಳಿಸುವುದು ಊರು ಸೇರುವವರೆಗಿನ ಉಪಾಯವೇ ಹೊರತು ದುರಸ್ತಿಯಲ್ಲ.

3. ತಂತಿಗಳ ಬಣ್ಣವನ್ನೂ ಸ್ಥಾನವನ್ನೂ ಕಾಗದದ ಮೇಲೆ ಗುರುತಿಸಿಕೊಳ್ಳಿ. ಹೊಸ ಹೋಲ್ಡರು ತಂತಿ ಸಮೇತವಾದದ್ದಾಗಿರಲಿ. ಪಿಂಗಾಣಿಯದಾದರೆ ಶಾಖವನ್ನು ಚೆನ್ನಾಗಿ ತಾಳುತ್ತದೆ. ಅದರ ತಂತಿಯು ಹಳೆಯದಕ್ಕಿಂತ ತೆಳುವಾಗಿರಬಾರದು.

4. ಒಂದು ಬಾರಿಗೆ ಒಂದೇ ತಂತಿಯನ್ನು ಕತ್ತರಿಸಿ ಜೋಡಿಸಿ. ಹಾಗೆ ಮಾಡಿದರೆ ತಂತಿಗಳು ಅದಲುಬದಲಾಗುವುದಿಲ್ಲ. ಶಾಖ ತಗಲಿದ ತಂತಿಯಲ್ಲಿ ತಾಮ್ರವು ಕಪ್ಪಾಗಿರುತ್ತದೆ. ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸಬೇಕು, ಏಕೆಂದರೆ ಕಪ್ಪಾದ ತಾಮ್ರಕ್ಕೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ.

5. ಜೋಡಿಸುವ ಮುನ್ನವೇ ಪ್ರತಿ ತಂತಿಗೂ ಶಾಖಕ್ಕೆ ಕುಗ್ಗುವ ಕೊಳವೆಯನ್ನು ತೊಡಿಸಿ. ಒತ್ತು ಕೊಳವೆಯಿಂದ ಬಿಗಿಯಾಗಿ ಅಥವಾ ಬೆಸುಗೆಯಿಂದ ಜೋಡಿಸಿದ ನಂತರ ಆ ಕೊಳವೆಯನ್ನು ಜೋಡಣೆಯ ಮೇಲೆ ಎಳೆದು ಬಿಸಿ ಮಾಡಿ. ಮೂರು ಜೋಡಣೆಗಳೂ ಒಂದೇ ಮಟ್ಟದಲ್ಲಿ ಬರದಂತೆ ನೋಡಿಕೊಳ್ಳಿ. ಕೇವಲ ಕಪ್ಪು ಟೇಪು ಸುತ್ತಿದರೆ ಸಾಲದು, ದೀಪದ ಶಾಖಕ್ಕೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

6. ಬಲ್ಬಿನ ಕಡ್ಡಿಗಳು ಕಪ್ಪಾಗಿದ್ದರೆ ಬಲ್ಬನ್ನೂ ಬದಲಿಸಿ. ಅದೇ ಬಲ್ಬನ್ನು ಮತ್ತೆ ಹಾಕಿದರೆ ಹೊಸ ಹಿಡಿಯೂ ಬೇಗನೆ ಕೆಡುತ್ತದೆ. ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬಿರಿಯಬಹುದು.

7. ದೀಪದ ತಂತಿಯು ವಾಹನದ ಲೋಹದ ಮೈಗೆ ಸೇರುವ ಅರ್ಥಿಂಗ್ ಬೋಲ್ಟನ್ನು ಬಿಚ್ಚಿ, ತುಕ್ಕನ್ನೂ ಬಣ್ಣವನ್ನೂ ಉಜ್ಜಿ ತೆಗೆದು ಮತ್ತೆ ಬಿಗಿ ಮಾಡಿ.

ಪರೀಕ್ಷೆ

ಬ್ಯಾಟರಿಯನ್ನು ಮರುಜೋಡಿಸಿ, ಇಂಜಿನ್ ಚಾಲನೆಯಲ್ಲಿಟ್ಟು ದೀಪವನ್ನು ಹಚ್ಚಿ. ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯ ವೋಲ್ಟೇಜನ್ನೂ ಬಳಿಕ ಹೋಲ್ಡರಿನ ಹಿಂಬದಿಯಲ್ಲಿ ಉರಿಯುತ್ತಿರುವ ತಂತುವಿನ ವೋಲ್ಟೇಜನ್ನೂ ಅಳೆಯಿರಿ. ಇವೆರಡರ ಅಂತರವು ಒಂದು ವೋಲ್ಟಿಗಿಂತ ಹೆಚ್ಚಿದ್ದರೆ, ಅಥವಾ ಎಡಬಲ ದೀಪಗಳ ಅಳತೆಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿದ್ದರೆ, ದೋಷವು ಇನ್ನೂ ಉಳಿದಿದೆ ಎಂದು ತಿಳಿಯಬೇಕು. ಆಗ ಸ್ವಿಚ್ಚು, ಫ್ಯೂಸಿನ ಹಿಡಿ ಹಾಗೂ ಅರ್ಥಿಂಗನ್ನು ಪರೀಕ್ಷಿಸಬೇಕು. ಹದಿನೈದು ನಿಮಿಷ ಉರಿದ ಮೇಲೆ ಹೋಲ್ಡರಿನ ಬಳಿ ಸುಟ್ಟ ವಾಸನೆ ಬರಬಾರದು. ಕೊನೆಯಲ್ಲಿ ಗೋಡೆಯೆದುರು ವಾಹನವನ್ನು ನಿಲ್ಲಿಸಿ, ಬೆಳಕು ಮೇಲಕ್ಕೆ ಹೋಗಿ ಎದುರಿನವರ ಕಣ್ಣು ಕುಕ್ಕದಂತೆ ದೀಪದ ಕೋನವನ್ನು ಸರಿಪಡಿಸಿಕೊಳ್ಳಿ.

ಮಾಡಬಾರದ ಕೆಲಸಗಳು

ಫ್ಯೂಸಿನ ಜಾಗದಲ್ಲಿ ಹೆಚ್ಚಿನ ಆಂಪಿಯರಿನ ಫ್ಯೂಸನ್ನಾಗಲಿ ತಂತಿಯ ತುಂಡನ್ನಾಗಲಿ ಎಂದಿಗೂ ಹಾಕಬಾರದು. ತಯಾರಕರು ಸೂಚಿಸಿದ್ದಕ್ಕಿಂತ ಹೆಚ್ಚಿನ ವಾಟಿನ ಬಲ್ಬು ಬೇಡ. ರಿಲೇ ಜೋಡಿಸಿದರೆ ಸ್ವಿಚ್ಚಿನ ಹೊರೆ ಇಳಿಯುತ್ತದೆಯೇ ಹೊರತು ಬಲ್ಬಿನ ಶಾಖ ಇಳಿಯುವುದಿಲ್ಲ. ಹೊಸ ವಾಹನಗಳ ಎಲ್.ಇ.ಡಿ. ದೀಪಗಳಿಗೆ ಈ ಕ್ರಮವು ಅನ್ವಯಿಸುವುದಿಲ್ಲ. ವಾರಂಟಿ ಇರುವ ವಾಹನವನ್ನು ಅಧಿಕೃತ ಕಾರ್ಯಾಗಾರಕ್ಕೇ ಒಯ್ಯುವುದು ಲೇಸು.

ನಾಸಿಕದ ಸಾತಪುರ ಮತ್ತು ಸಂಭಾಜಿನಗರದ ವಾಳೂಜ ಕೈಗಾರಿಕಾ ಪ್ರದೇಶಗಳು ವಾಹನಗಳ ಹಾಗೂ ಬಿಡಿಭಾಗಗಳ ತಯಾರಿಕೆಗೆ ಹೆಸರಾದವು. ಆದರೆ ನಡುದಾರಿಯಲ್ಲಿ ದೀಪ ಆರಿದಾಗ ಆ ಕಾರ್ಖಾನೆಗಳ ಸಾಮೀಪ್ಯದಿಂದ ಪ್ರಯೋಜನವಿಲ್ಲ. ಹಾಗೇನಾದರೂ ಆದರೆ ವಾಹನವನ್ನು ರಸ್ತೆಯ ಎಡ ಅಂಚಿಗೆ ತಂದು, ಅಪಾಯ ಸೂಚಕ ದೀಪಗಳನ್ನು ಹಚ್ಚಿ ನಿಲ್ಲಿಸಬೇಕು. ಒಂಟಿ ದೀಪದಲ್ಲಿ ಪ್ರಯಾಣವನ್ನು ಮುಂದುವರಿಸಬಾರದು. ದೂರದ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನ ಟೈರುಗಳ ಗಾಳಿಯನ್ನು ನೋಡುವಂತೆಯೇ ಎರಡೂ ಹೋಲ್ಡರುಗಳನ್ನು ಬಿಚ್ಚಿ ನೋಡಿದರೆ ಇಂತಹ ಪ್ರಸಂಗವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಪ್ಲಾಸ್ಟಿಕ್ ಕಂದತೊಡಗಿದ್ದರೆ ಆಗಲೇ ಕಾರಣವನ್ನು ಹುಡುಕಿ ಸರಿಪಡಿಸಬೇಕು. ಕಾರಣವನ್ನು ಹಾಗೆಯೇ ಬಿಟ್ಟು ಹೋಲ್ಡರನ್ನು ಮಾತ್ರ ಬದಲಿಸಿದರೆ, ಹೊಸದೂ ಹಳೆಯದರಂತೆಯೇ ಕರಗುತ್ತದೆ.